ಎಡಗಿಸೆಯ ಐದು ಕಾಡತೂಸು

ಮಹಾನವಮಿ ಕಳೆದ ಹದಿಮೂರನೆಯ ದಿನ ಬೆಳಿಗ್ಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಸೂಗಪ್ಪ ಎರಡು ಕಿಸೆಯಲ್ಲೂ ಕಾಡತೂಸು ಇಟ್ಟುಕೊಂಡು ಕೂತಿದ್ದ. ಕಾಲುಗಳ ನಡುವೆ ಕ್ಯಾನ್ವಾಸ್ ಚೀಲದಲ್ಲಿ ಬಂದೂಕು. ಎಡಗಿಸೆಯಲ್ಲಿದ್ದ ಐದು ಫ್ಯಾಕ್ಟರಿಯವು. ಕೆಂಪು ಕಾಗದದ ಕೊಳವೆ, ಹಿತ್ತಾಳೆಯ ತಳ, ರಾಯಚೂರಿನ ಅಂಗಡಿಯಲ್ಲಿ ಲೈಸೆನ್ಸ್ ಪುಸ್ತಕಕ್ಕೆ ಬರೆಸಿಕೊಂಡು ತಂದವು. ಬಲಗಿಸೆಯಲ್ಲಿದ್ದ ಐದು ಲಿಂಗಸುಗೂರಿನ ಇಮಾಮ್‌ಸಾಬ್ ಹಳೇ ಖಾಲಿ ಕೊಳವೆಗಳಿಗೆ ಕೈಯಾರೆ ಮದ್ದು ತುಂಬಿ ಕೊಟ್ಟವು. ಬಸ್ಸು ಗುಂಡಿಯಲ್ಲಿ ಇಳಿದು ಹತ್ತಿದಾಗಲೆಲ್ಲ ಎರಡೂ ಕಿಸೆ ತೊಡೆಗೆ ಬಡಿಯುತ್ತಿದ್ದವು. ಎಡಗಡೆಯದು ಬಡಿದರೆ ಇವೇ ಸರಿ ಅನಿಸುತ್ತಿತ್ತು. ಬಲಗಡೆಯದು ಬಡಿದರೆ ಅವೇ ಸರಿ ಅನಿಸುತ್ತಿತ್ತು.

ಹತ್ತು ಗಂಟೆಗೆ ಊರಾಚೆಯ ಹಳೇ ಕಲ್ಲಿನ ಕ್ವಾರಿಯಲ್ಲಿ ಬಂದೂಕಿನ ಪರೀಕ್ಷೆ. ಐದು ಗುಂಡು ಒಂದರ ಹಿಂದೊಂದು ಹಾರಬೇಕು. ಹಾರಿದರೆ ಕೆಲಸ ಉಳಿಯಿತು, ಹಾರದಿದ್ದರೆ ಇಲ್ಲ.

ಎಟಿಎಮ್‌ಗಳಿಗೆ ನೋಟು ತುಂಬುವ ವ್ಯಾನಿನ ಗಾರ್ಡು ಅವನು. ಹನ್ನೊಂದು ವರ್ಷದಿಂದ ದಿನಾ ಸಿಂಧನೂರಿನಲ್ಲಿ ವ್ಯಾನು ಹತ್ತಿ, ಮಸ್ಕಿ, ಲಿಂಗಸುಗೂರು, ಹಟ್ಟಿ ಎಂದು ತಿರುಗಿ, ಪ್ರತಿ ಎಟಿಎಮ್ಮಿನ ಬಾಗಿಲಿಗೆ ಬೆನ್ನು ಕೊಟ್ಟು ಬೀದಿಗೆ ಮುಖ ಮಾಡಿ ನಿಂತವನು. ಈ ಕೆಲಸಕ್ಕೆ ಮೈಕಟ್ಟು, ಓದು ಯಾರೂ ಕೇಳುವುದಿಲ್ಲ. ಬಂದೂಕು ನಿನ್ನದೇ ಇರಬೇಕು, ಲೈಸೆನ್ಸು ನಿನ್ನ ಹೆಸರಲ್ಲೇ ಇರಬೇಕು, ಅಷ್ಟೇ. ಸೂಗಪ್ಪನ ಅಪ್ಪ ಗುರುಗುಂಟಾದ ಕಡೆಯ ಒಬ್ಬ ಮುದಿ ಜಮೀನ್ದಾರನ ಮನೆಯಲ್ಲಿ ಕಾವಲಿದ್ದ. ಆ ಮುದುಕ ಸಾಯುವ ಮುಂಚೆ ತನ್ನ ಬಾರಾ ಬೋರಿನ ಬಂದೂಕನ್ನು ಅವನಿಗೆ ಬಿಟ್ಟುಕೊಟ್ಟಿದ್ದ. ಅಪ್ಪ ತೀರಿದ ಮೇಲೆ ಬಂದೂಕು, ಲೈಸೆನ್ಸು ಎರಡೂ ಸೂಗಪ್ಪನ ಹೆಸರಿಗೆ ಬಂದವು. ಅದು ಅಂತಿಂಥ ಬಂದೂಕಲ್ಲ, ತಾನೇ ತುಂಬಿಕೊಳ್ಳುವ ಸೆಮಿ-ಆಟೋಮ್ಯಾಟಿಕ್. ಹೊಟ್ಟೆಯಲ್ಲಿ ಐದು ಕಾಡತೂಸು ಹಿಡಿಯುತ್ತದೆ. ಒಂದು ಹಾರಿದ ಹೊಡೆತಕ್ಕೇ ಖಾಲಿ ಕೊಳವೆಯನ್ನು ಹೊರಗೆ ಒಗೆದು ಮುಂದಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಆದರೆ ಅದಕ್ಕೊಂದು ಹಟವಿದೆ. ಎಲ್ಲ ಕಾಡತೂಸಿನ ಬಲವೂ ಒಂದೇ ಸಮ ಇರಬೇಕು. ಮದ್ದು ಒಂದು ಚಿಟಿಕೆ ಕಡಿಮೆಯಾದರೆ ಹೊಡೆತ ಸಾಲದೆ ಕೊಳವೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಬಂದೂಕು ಬಾಯಿ ತೆರೆದುಕೊಂಡು ನಿಂತುಬಿಡುತ್ತದೆ.

ಹನ್ನೊಂದು ವರ್ಷದಲ್ಲಿ ಅವನು ಒಂದೇ ಒಂದು ಗುಂಡು ಹಾರಿಸಿರಲಿಲ್ಲ. ಹಾರಿಸುವ ಪ್ರಸಂಗವೇ ಬಂದಿರಲಿಲ್ಲ. ಬಂದೂಕು ಹೆಗಲ ಮೇಲಿತ್ತು, ತಿಂಗಳಿಗೊಮ್ಮೆ ಸಂಬಳ ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಇಎಸ್‌ಐ ಕಾರ್ಡು ನಡೆಯುತ್ತಿತ್ತು.

ಆ ಕಾರ್ಡೇ ಅವನ ಮನೆಯ ತೊಲೆ. ಮಗಳು ಶಿವಕುಮಾರಿ ಹುಟ್ಟಿ ಎಂಟು ತಿಂಗಳಿಗೆ ಬಿಳಿಚಿಕೊಂಡಳು. ಥಲಸ್ಸೀಮಿಯಾ ಎಂದರು. ಅಂದಿನಿಂದ ಇಂದಿಗೆ ಹದಿನೈದು ವರ್ಷ, ಮೂರು ವಾರಕ್ಕೊಮ್ಮೆ ರಾಯಚೂರಿಗೆ ಹೋಗಿ ಮಂದಿಯ ರಕ್ತ ಏರಿಸಿಕೊಂಡು ಬರುವ ಜೀವ ಅದು. ರಕ್ತ ಪುಕ್ಕಟೆ ಸಿಗುತ್ತದೆ. ಆದರೆ ಹಾಗೆ ಏರಿಸಿದ ರಕ್ತದ ಕಬ್ಬಿಣ ಮೈಯಲ್ಲೇ ಉಳಿದು ಗುಂಡಿಗೆ, ಪಿತ್ತಜನಕಾಂಗಗಳನ್ನು ತಿನ್ನುತ್ತದೆ. ಅದನ್ನು ಹೊರಗೆ ಹಾಕಲು ದಿನಾ ಗುಳಿಗೆ ಬೇಕು. ಆ ಗುಳಿಗೆ ಕಾರ್ಡಿನ ಮೇಲೆ ಬರುತ್ತದೆ. ಒಮ್ಮೆ ಗುಳಿಗೆ ಬರುವುದು ತಡವಾಗಿ ಎರಡು ತಿಂಗಳು ತಪ್ಪಿದ್ದಕ್ಕೆ ಮಗುವಿನ ಮುಖ ಮಸಿ ಬಡಿದ ಹಾಗೆ ಕಪ್ಪಿಟ್ಟಿತ್ತು.

ಹೆಂಡತಿ ಕಸ್ತೂರೆಮ್ಮ ಅವನ ಸೋದರಮಾವನ ಮಗಳು. ಇಬ್ಬರ ರಕ್ತದಲ್ಲೂ ಅರ್ಧರ್ಧ ಇದೆ, ಎರಡೂ ಕೂಡಿ ಮಗುವಿಗೆ ಪೂರಾ ಬಂದಿದೆ, ಯಾರದೂ ತಪ್ಪಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಸೂಗಪ್ಪನ ತಾಯಿ ಸಾಯುವವರೆಗೂ, "ನಮ್ಮ ಮನಿತನದಾಗ ಇಲ್ಲದ ರೋಗ ಇಕಿ ತಂದ್ಲು" ಎಂದೇ ಅಂದಳು. ಸ್ವಂತ ಅಣ್ಣನ ಮಗಳನ್ನೇ ತಾನೇ ಹಟ ಹಿಡಿದು ಸೊಸೆ ಮಾಡಿಕೊಂಡವಳು ಈ ಮಾತು ಅಂದಳು. ಕಸ್ತೂರೆಮ್ಮ ಡಾಕ್ಟರ ಮಾತು ಬಿಟ್ಟು ಅತ್ತೆಯ ಮಾತನ್ನೇ ನಂಬಿದಳು. ಮಗಳ ಕೈಗೆ ಸೂಜಿ ಚುಚ್ಚುವಾಗಲೆಲ್ಲ ಗೋಡೆಗೆ ಮುಖ ಮಾಡಿ, "ನನ್ನ ಪಾಪ" ಎಂದು ಗೊಣಗುತ್ತಿದ್ದಳು. ಹದಿನೈದು ವರ್ಷದಲ್ಲಿ ಆ ಗೊಣಗು ಒಂದು ದಿನವೂ ನಿಂತಿರಲಿಲ್ಲ.

ಪರೀಕ್ಷೆಯ ಸುದ್ದಿ ಬಂದದ್ದು ಬನ್ನಿ ಹಬ್ಬದ ಮರುದಿನ. ಹೊಸ ಕರಾರಿನಲ್ಲಿ ಬ್ಯಾಂಕಿನವರು ಹಾಕಿದ ಷರತ್ತಂತೆ. ಬರೇ ತೋರಿಕೆಗೆ ಹೊತ್ತುಕೊಂಡು ತಿರುಗುವ ಬಂದೂಕು ನಡೆಯುವುದಿಲ್ಲ, ಹಾರಿಸಿ ತೋರಿಸಬೇಕು. ಸೂಗಪ್ಪ ಡಬ್ಬಿ ತೆಗೆದು ನೋಡಿದರೆ ಫ್ಯಾಕ್ಟರಿ ಮಾಲು ಐದೇ ಇದ್ದವು, ಅವೂ ನಾಲ್ಕು ವರ್ಷದ ಹಿಂದಿನವು. ಹೊಸವು ತರೋಣವೆಂದು ರಾಯಚೂರಿಗೆ ಹೋದ. ಅಂಗಡಿಯವನು, "ಮಾಲು ಬಂದಿಲ್ಲ, ದೀಪಾವಳಿ ಕಳದು ಒಂದು ತಿಂಗಳಾದ ಮ್ಯಾಗ ಬರ್ರಿ" ಎಂದ.

ಆಗ ದಾರಿ ತೋರಿಸಿದವನು ಮುಕ್ಕುಂದದ ದಾವಲ್‌ಸಾಬ್. ಅವನೂ ಅದೇ ಏಜೆನ್ಸಿಯ ಗಾರ್ಡು, ಜೋಡಿ ನಳಿಗೆಯ ಬಂದೂಕಿನವನು.

"ಲೇ ಸೂಗ್ಯಾ, ಇಮಾಮ್‌ಚಾಚಾನ ಕಡೆ ಹೋಗು. ನಾ ಅಲ್ಲೇ ತುಂಬಿಸೀನಿ. ಆದ್ರ ನನ್ನ ಬಂದೂಕಿಗೆ ಏನ್ ತುರುಕಿದ್ರೂ ಉಗುಳತೈತಿ. ನಿನ್ನದು ನವಾಬರ ಹೊಟ್ಟಿ. ಒಂದು ತುತ್ತು ಹೆಚ್ಚುಕಮ್ಮಿ ಆದ್ರ ಅಜೀರ್ಣ ಆಕೈತಿ, ನೋಡ್ಕೋ."

ಇಮಾಮ್‌ಸಾಬ್‌ನ ಅಂಗಡಿ ಲಿಂಗಸುಗೂರಿನ ಹಳೇ ಪೇಟೆಯ ಹಿಂದಿದೆ. ಈಗ ಅಲ್ಲಿ ರಿಪೇರಿಗೆ ಬರುವುದೆಲ್ಲ ಕುಕ್ಕರು, ಗ್ಯಾಸಿನ ಒಲೆ, ಮಿಕ್ಸರು. ಒಂದು ಕಾಲಕ್ಕೆ ಮೂರು ತಾಲೂಕಿನ ಬಂದೂಕುಗಳು ಅವನ ಕೈಕೆಳಗೆ ಬಂದು ಹೋಗುತ್ತಿದ್ದವು. ಕಾಡತೂಸು ಕೈಯಲ್ಲಿ ತುಂಬುವುದು ಇವತ್ತು ಯಾರೂ ಬಾಯಿ ಬಿಟ್ಟು ಹೇಳಿಕೊಳ್ಳುವ ಕೆಲಸವಲ್ಲ. ಕೇಳಿದ ಕೂಡಲೇ ಮುದುಕ ಅಂಗಡಿಯ ಅರ್ಧ ಬಾಗಿಲು ಎಳೆದ. ನಾಲ್ಕು ದಿನ ಬಿಟ್ಟು ಬರಹೇಳಿ, ಐದು ಕಾಡತೂಸು ಒಂದು ಹಳೇ ಕರವಸ್ತ್ರದಲ್ಲಿ ಕಟ್ಟಿ ಕೊಟ್ಟ.

"ಅಗಸಾಲೇರ ತಕ್ಕಡ್ಯಾಗ ತೂಗಿ ತುಂಬೀನಿ, ಬೇಟಾ. ಬಂಗಾರ ತೂಗೋ ತಕ್ಕಡಿ. ಒಂದಕ್ಕೊಂದು ಎಳ್ಳಷ್ಟು ಫರಕಿಲ್ಲ."

"ಚಾಚಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈ ನಡುಗಾಕತ್ತಾವ."

"ಕೈ ನಡುಗತಾವ, ತಕ್ಕಡಿ ನಡುಗಂಗಿಲ್ಲ." ಮುದುಕ ನಕ್ಕ. "ಫ್ಯಾಕ್ಟರ್‍ಯಾಗ ಮಷೀನು ತುಂಬತೈತಿ. ಮಷೀನಿಗೆ ಯಾರ ಮಗಳ ಹೆಸರೂ ಗೊತ್ತಿಲ್ಲ. ಇವನ್ನ ನಾ ಶಿವಕುಮಾರಿ ಹೆಸರು ನೆನಸಿ ತುಂಬೀನಿ. ಇನ್ನೊಂದು ಮಾತು. ಟೋಪಿ ನನ್ನ ಹಂತ್ಯಾಕ ಐದೇ ಉಳಿದಿದ್ದವು. ಇನ್ನ ಎಲ್ಲೂ ಸಿಗಂಗಿಲ್ಲ. ಇವ ಕಡೀವು."

ಟೋಪಿ ಎಂದರೆ ಕಾಡತೂಸಿನ ತಳದ ನಟ್ಟನಡುವೆ ಕೂತಿರುವ ಪುಟ್ಟ ಬಿಲ್ಲೆ. ಕುದುರೆ ಎಳೆದಾಗ ಬಂದೂಕಿನ ಮೊಳೆ ಬಂದು ಬಡಿಯುವುದು ಅದಕ್ಕೇ. ಅದು ಕಿಡಿ ಕಾರಿದರೆ ಉಳಿದದ್ದೆಲ್ಲ. ಅದು ಸತ್ತರೆ ಒಳಗೆ ಎಷ್ಟು ಮದ್ದಿದ್ದರೂ ಮಣ್ಣು.

"ಮನ್ಯಾಗಿರೋ ಫ್ಯಾಕ್ಟರಿ ಮಾಲನ್ನೂ ಒಮ್ಮೆ ತಂದು ತೋರ್ಸು. ನಾಲ್ಕು ವರ್ಷದ್ದಂದ್ರ ನೋಡಬೇಕು" ಎಂದ ಇಮಾಮ್‌ಸಾಬ್.

ಸೂಗಪ್ಪ ಹೂಂ ಎಂದು ಬಂದ, ಆದರೆ ಒಯ್ದು ತೋರಿಸಲಿಲ್ಲ. ತನ್ನ ಕೈಮಾಲೇ ಮೇಲೆಂದು ತೋರಿಸಲು ಮುದುಕ ಫ್ಯಾಕ್ಟರಿ ಮಾಲಿನಲ್ಲಿ ಏನಾದರೂ ಕೊಂಕು ತೆಗೆಯದೆ ಬಿಡುವುದಿಲ್ಲ ಎಂದು ಅವನ ಎಣಿಕೆ.

ಮನೆಯಲ್ಲಿ ಕಸ್ತೂರೆಮ್ಮನಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. "ದೇವರ ಮುಂದ ಕುಂತು ಬಂದಾವ, ಅವನ್ನ ಬಿಟ್ಟು ಬ್ಯಾರೆ ಯಾಕ ಹಾಕ್ತೀರಿ?" ಎಂದಳು.

ಆ ಮಾತು ನಿಜ. ವರ್ಷಕ್ಕೊಮ್ಮೆ ಮಹಾನವಮಿಗೆ ಆ ಮನೆಯಲ್ಲಿ ಅನ್ನ ಕೊಡುವ ಎಲ್ಲ ಸಾಮಾನಿಗೂ ಪೂಜೆ. ಕಸ್ತೂರೆಮ್ಮನ ಹೊಲಿಗೆ ಮಷೀನು, ಕತ್ತರಿ, ಶಿವಕುಮಾರಿಯ ಗುಳಿಗೆ ಡಬ್ಬಿ, ಎಲ್ಲಕ್ಕೂ ಮೂರು ಬೆರಳು ವಿಭೂತಿ. ಬಂದೂಕು ದೇವರ ಜಗುಲಿಗೆ ಆನಿಸಿ ನಿಲ್ಲುತ್ತಿತ್ತು. ಅದರ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರವಿ, ಐದು ಕಾಡತೂಸುಗಳನ್ನು ತಲೆಕೆಳಗಾಗಿ ಊರಿ ನಿಲ್ಲಿಸುತ್ತಿದ್ದಳು. ಮೇಲೆ ಬಂದ ತಳದ ನಡುವೆ ಆ ಗುಂಡನೆಯ ಬಿಲ್ಲೆ ಹಣೆಯ ಹಾಗೆ ಕಾಣುತ್ತಿತ್ತು. ಹಣೆ ಬರಿದಾಗಿರಬಾರದಲ್ಲ. ಕುಂಕುಮ ಉದುರಬಾರದೆಂದು ಎಳ್ಳೆಣ್ಣೆಯಲ್ಲಿ ಕಲಸಿ ಒಂದೊಂದರ ಹಣೆಗೂ ಇಡುತ್ತಿದ್ದಳು. ರಾತ್ರಿಯೆಲ್ಲ ಹಾಗೇ ಇದ್ದು, ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ನಾಲ್ಕು ಮಹಾನವಮಿ ಹೀಗೆ ಕಳೆದಿದ್ದವು.

ಬಸ್ಸು ಲಿಂಗಸುಗೂರು ಸ್ಟ್ಯಾಂಡಿನಲ್ಲಿ ನಿಂತಾಗಲೂ ಸೂಗಪ್ಪ ನಿರ್ಧರಿಸಿರಲಿಲ್ಲ.

ಕ್ವಾರಿಯಲ್ಲಿ ಏಳು ಜನ ಗಾರ್ಡುಗಳು ಸೇರಿದ್ದರು. ಎದುರಿನ ಕಲ್ಲಿನ ಗೋಡೆಗೆ ಆನಿಸಿ ಸುಣ್ಣ ಬಳಿದ ಡಾಂಬರಿನ ಡ್ರಮ್ಮು ನಿಲ್ಲಿಸಿದ್ದರು. ಏಜೆನ್ಸಿಯ ಕಡೆಯಿಂದ ಶಿವಪ್ರಸಾದ ಫೈಲು ಹಿಡಿದು ಕೂತಿದ್ದ. ಚಿಕ್ಕ ವಯಸ್ಸು, ಇಸ್ತ್ರಿ ಶರ್ಟು, ಮಾತು ಕಡಿಮೆ. ಹಾರಿಸುವುದನ್ನು ನೋಡುವ ಕೆಲಸ ಮಿಲಿಟರಿಯಿಂದ ನಿವೃತ್ತನಾದ ಸುಬೇದಾರ ಮಾನಪ್ಪನದು. ಸಂಪೂರ್ಣ ಬೆಳ್ಳಗಾದ ಮೀಸೆಯ ಮನುಷ್ಯ. ಯಾರು ಯಾವ ಕಾಡತೂಸು ಹಾಕುತ್ತಾರೆ ಎಂದು ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಮೊದಲು ದಾವಲ್‌ಸಾಬ್‌ನ ಸರದಿ. ಎರಡು, ಮತ್ತೆ ಎರಡು, ಮತ್ತೊಂದು. ಐದೂ ಹಾರಿದವು, ಡ್ರಮ್ಮಿನ ಸುಣ್ಣ ಉದುರಿತು. ಅವನು ಹೊಗೆಯಾಡುವ ಬಂದೂಕು ಮಡಚಿಕೊಂಡು ಬಂದು, "ಇಮಾಮ್‌ಚಾಚಾನ ಮಾಲಲೇ. ಕಣ್ಣು ಮುಚ್ಚಿ ಹಾಕು" ಎಂದು ಪಿಸುಗುಟ್ಟಿದ.

"ನಿನ್ನದು ಜೋಡಿ ನಳಗಿ" ಎಂದ ಸೂಗಪ್ಪ.

"ಹೌದಪ, ನವಾಬ. ನಿನ್ನ ಹೊಟ್ಟಿ ನಿನಗ ಗೊತ್ತು."

ಹೆಸರು ಕೂಗಿದರು. ಸೂಗಪ್ಪ ಮುಂದೆ ಹೋದ. ಅವನ ಕೈ ಬಲಗಿಸೆಗೆ ಹೋಯಿತು, ಕರವಸ್ತ್ರದ ಗಂಟು ಸಿಕ್ಕಿತು. ಇಮಾಮ್‌ಸಾಬ್‌ನ ನಡುಗುವ ಬೆರಳು ಕಣ್ಣ ಮುಂದೆ ಬಂತು. ಐದರಲ್ಲಿ ಒಂದಕ್ಕೆ ಒಂದು ಚಿಟಿಕೆ ಕಡಿಮೆ ಬಿದ್ದಿದ್ದರೆ? ಆಮೇಲೆ ಕಸ್ತೂರೆಮ್ಮ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು. "ದೇವರ ಮುಂದ ಕುಂತು ಬಂದಾವ." ಪೂಜೆ ಮಾಡಿದ್ದನ್ನು ಬಿಟ್ಟು ಬೇರೆ ಹಾಕಿ ಕೆಟ್ಟರೆ ಹೆಂಡತಿಗೆ ಏನು ಮುಖ ತೋರಿಸುವುದು. ಪೂಜೆ ಮಾಡಿದ್ದೇ ಹಾಕಿ ಕೆಟ್ಟರೆ ದೇವರನ್ನಾದರೂ ಬೈಯಬಹುದು. ಕೈ ಬಲಗಿಸೆಯಿಂದ ಬಂದು ಎಡಗಿಸೆಗೆ ಹೋಯಿತು. ಕೆಂಪನೆಯ ಐದನ್ನೂ ಒಂದೊಂದಾಗಿ ಬಂದೂಕಿನ ಹೊಟ್ಟೆಗೆ ತಳ್ಳಿದ.

"ಫೈರ್" ಎಂದ ಮಾನಪ್ಪ.

ಕುದುರೆ ಎಳೆದ. ಟಕ್ ಎಂದಿತು, ಅಷ್ಟೇ.

ಕ್ವಾರಿಯಲ್ಲಿ ಒಂದು ಪಾರಿವಾಳವೂ ಏಳಲಿಲ್ಲ. ಅವನು ಕೈಯಿಂದ ಹಿಡಿ ಎಳೆದ. ಆ ಕಾಡತೂಸು ಹೊರಗೆ ಜಿಗಿದು ಕಲ್ಲಿನ ಮೇಲೆ ಉರುಳಿತು. ಎರಡನೆಯದು ಹಾರಿತು. ಭುಜಕ್ಕೆ ಗುದ್ದಿದ ಹಾಗಾಯಿತು, ಡ್ರಮ್ಮು ಗಣ್ಣೆಂದಿತು, ಖಾಲಿ ಕೊಳವೆ ತಾನೇ ಹೊರಗೆ ಹಾರಿ ಬಿತ್ತು. ಆ ಒಂದು ಕ್ಷಣ ಅವನ ಕಣ್ಣಿಗೆ ಮಗಳ ಗುಳಿಗೆ ಡಬ್ಬಿ ಕಾಣಿಸಿತು. ಮೂರನೆಯದು ಟಕ್ ಎಂದಿತು.

ಮಾನಪ್ಪ ಕೈ ಎತ್ತಿ ನಿಲ್ಲಿಸಿದ. "ಸಾಕು. ಖಾಲಿ ಮಾಡ್ರಿ."

"ಸಾಹೇಬ್ರ, ಬ್ಯಾರೆ ಕಾರ್ತೂಸ ಅದಾವ. ಒಂದು ಸಲ."

"ದಾರ್‍ಯಾಗ ಅಡ್ಡ ಬಂದವ ಎರಡನೇ ಸಲ ಕೊಡ್ತಾನೇನು, ಸೂಗಪ್ಪ?" ಮಾನಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿಯಬಹುದಿತ್ತು.

ಶಿವಪ್ರಸಾದ ಫೈಲಿನಲ್ಲಿ ಬರೆದುಕೊಂಡ. "ಇವತ್ತು ಸಂಜಿಗೆ ಲಿಸ್ಟ್ ಹೋಗತೈತ್ರಿ. ನಾ ಏನೂ ಮಾಡಾಕ ಬರಂಗಿಲ್ಲ. ಈ ತಿಂಗಳ ಕಡೀತನ ಡ್ಯೂಟಿ ಮಾಡ್ರಿ."

"ಕಾರ್ಡು?"

"ಕಾರ್ಡು ಕೂಡ್ಲೇ ನಿಲ್ಲಂಗಿಲ್ಲ. ಕಟ್ಟಿದ್ದಕ್ಕ ಇನ್ನೊಂದಾರು ತಿಂಗಳು ನಡೀತೈತಿ." ಆ ಮಾತನ್ನು ಅವನು ಸಮಾಧಾನವೆಂದೇ ಹೇಳಿದ. ಸೂಗಪ್ಪ ಆರು ತಿಂಗಳೆಂದರೆ ಚೈತ್ರ ದಾಟುತ್ತದೆ ಎಂದು ಲೆಕ್ಕ ಹಾಕಿದ. ಅದರಾಚೆಗೆ ಲೆಕ್ಕ ಹೋಗಲಿಲ್ಲ.

ಕ್ವಾರಿಯಿಂದ ಅವನು ನೇರ ಇಮಾಮ್‌ಸಾಬ್‌ನ ಅಂಗಡಿಗೆ ಬಂದ. ಯಾಕೆ ಬಂದೆನೆಂದು ಅವನಿಗೇ ಗೊತ್ತಿರಲಿಲ್ಲ. ಹಾರದೆ ಉಳಿದ ನಾಲ್ಕನ್ನು ಬೆಂಚಿನ ಮೇಲಿಟ್ಟ. ಮುದುಕ ಕುಕ್ಕರಿನ ಮುಚ್ಚಳ ಬದಿಗಿಟ್ಟು, ಕನ್ನಡಕ ಏರಿಸಿ, ಮೊಳೆಯ ಗುರುತು ಬಿದ್ದದ್ದೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಟೋಪಿಯ ಸುತ್ತಲಿನ ಸಣ್ಣ ಸಂದಿಯಲ್ಲಿ ಉಗುರು ಆಡಿಸಿ, ಉಗುರನ್ನು ಮೂಸಿದ.

"ಎಣ್ಣಿ" ಎಂದ. ಮತ್ತೆ ನೋಡಿ, "ಎಣ್ಣ್ಯಾಗ ಕುಂಕುಮ" ಎಂದ.

ಸೂಗಪ್ಪ ಬೆಂಚಿನ ಮೇಲೆ ಬಗ್ಗಿ ನೋಡಿದ.

ಮುದುಕ ಚಾಕುವಿನಿಂದ ಕಾಗದದ ಕೊಳವೆ ಸೀಳಿ ತೋರಿಸಿದ. ತಳದ ಹತ್ತಿರದ ಮದ್ದು ಉಂಡೆಗಟ್ಟಿ, ಅಂಚಿಗೆ ತೆಳ್ಳನೆಯ ಕೆಂಪು ಇಳಿದಿತ್ತು. "ಪೂಜಿ ಮಾಡ್ತಾರೇನು ಇವಕ್ಕ?"

"ಮಹಾನವಮಿಗೆ."

"ಟೋಪಿ ಮ್ಯಾಗ ಹಚ್ತಾರ?"

"ಹೂಂ."

"ಎಷ್ಟು ವರ್ಷ ಆತು?"

"ನಾಲ್ಕು."

ಇಮಾಮ್‌ಸಾಬ್ ಕನ್ನಡಕ ತೆಗೆದು ಲುಂಗಿಯ ತುದಿಯಿಂದ ಒರೆಸಿದ. "ನಮ್ಮ ಅಬ್ಬಾನೂ ಹಬ್ಬಕ್ಕ ಬಂದೂಕಿಗೆ ಲೋಬಾನ ಹಿಡೀತಿದ್ದ. ಹೊಗಿ ಏನೂ ಮಾಡಂಗಿಲ್ಲ ಬೇಟಾ. ಎಣ್ಣಿ ಮಾತ್ರ ಸಂದ್ಯಾಗಿಂದ ಇಳಿದು ಇಳಿದು ಟೋಪಿ ತಿಂತೈತಿ. ಫ್ಯಾಕ್ಟರ್‍ಯಾಗ ಸಂದಿಗೆ ಅರಗು ಹಚ್ಚಿರ್ತಾರ, ಅದಕ್ಕ ಇಷ್ಟು ವರ್ಷ ತಡದಾವ, ನನ್ನ ಕೈಮಾಲಿಗಾದ್ರ ಒಂದು ದಿನ ಸಾಕು. ಫ್ಯಾಕ್ಟರಿ ಮಾಲಿನ ತಪ್ಪಿಲ್ಲ ಇದು. ತಂದು ತೋರ್ಸು ಅಂದಿದ್ನಲ್ಲ."

"ತೋರಿಸಬೇಕಾಗಿತ್ತು" ಎಂದ ಸೂಗಪ್ಪ.

"ನನ್ನವು ಎಲ್ಲಿ?"

ಸೂಗಪ್ಪ ಬಲಗಿಸೆ ಮುಟ್ಟಿ ತೋರಿಸಿದ.

"ನಡಿ, ಕ್ವಾರಿಗೆ ಹೋಗೂನು. ಸುಬೇದಾರ ಇನ್ನಾ ಅಲ್ಲೇ ಇರ್ತಾನ. ಅಂವ ನೋಡಲಿ ಬಿಡಲಿ, ಐದೂ ಹಾರತಾವಿಲ್ಲೋ ನೀನರ ನೋಡು."

"ಬ್ಯಾಡ್ರಿ ಚಾಚಾ. ಹಾರಿದ್ರ ಇನ್ನಷ್ಟು ಸಂಕಟ."

ಮುದುಕ ಒತ್ತಾಯಿಸಲಿಲ್ಲ. ಚಹಾ ತರಿಸಿದ. ಇಬ್ಬರೂ ಕುಡಿದರು. ಹೊರಡುವಾಗ, "ಮನ್ಯಾಗ ಹೇಳ್ತೀಯೇನು?" ಎಂದು ಕೇಳಿದ.

ಆ ಪ್ರಶ್ನೆ ಸೂಗಪ್ಪನ ಜೊತೆ ಬಸ್ಸಿನಲ್ಲಿ ಮಸ್ಕಿಯವರೆಗೂ ಬಂತು. ಹದಿನೈದು ವರ್ಷದಿಂದ ಮಗಳ ರಕ್ತದ ಪಾಪ ಹೊತ್ತವಳಿಗೆ ಮಗಳ ಔಷಧಿಯ ಪಾಪವನ್ನೂ ಹೊರಿಸುವುದೇ? ಡಾಕ್ಟರಂಥ ಡಾಕ್ಟರು ಹೇಳಿದರೂ ಮೊದಲನೆಯ ಹೊರೆ ಇಳಿದಿರಲಿಲ್ಲ. ಎರಡನೆಯದನ್ನು ತಾನೇ ತನ್ನ ಬಾಯಿಂದ ಇಟ್ಟರೆ ಅವಳು ಏಳುವುದಿಲ್ಲ. ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಹೇಳಬಾರದೆಂದು ಗಟ್ಟಿ ಮಾಡಿಕೊಂಡಿದ್ದ.

ಕಸ್ತೂರೆಮ್ಮ ಬಾಗಿಲ ಬೆಳಕಿಗೆ ಮಷೀನು ಇಟ್ಟುಕೊಂಡು ಜಂಪರು ಹೊಲಿಯುತ್ತಿದ್ದಳು. ಅವನ ನಡಿಗೆ ನೋಡಿಯೇ ಕಾಲು ನಿಲ್ಲಿಸಿದಳು.

"ಏನಾತ್ರೀ?"

"ಹಾರಲಿಲ್ಲ."

"ಒಂದೂ?"

"ಮೂರರಾಗ ಒಂದು ಹಾರ್ತು. ನಿಲ್ಲಿಸಿಬಿಟ್ರು." ಬಂದೂಕನ್ನು ಗೂಟಕ್ಕೆ ತಗುಲಿಸುತ್ತ ಅವನು ಬೆನ್ನು ಮಾಡಿಯೇ ಹೇಳಿದ. "ಫ್ಯಾಕ್ಟರಿ ಮಾಲ ಖರಾಬಿತ್ತು. ಈಗೀಗ ಎಲ್ಲಾ ಹಂಗ ಬರಾಕತ್ತೈತಂತ."

ಅವಳು ಅಳಲಿಲ್ಲ. ಮಷೀನಿನ ಗಾಲಿಯ ಮೇಲೆ ಕೈ ಇಟ್ಟಳು. ಗಾಲಿಯ ಮೇಲೆ ಮಹಾನವಮಿಯ ಕುಂಕುಮ ಇನ್ನೂ ಅಂಟಿಕೊಂಡಿತ್ತು.

"ಮಾಲಿಂದಲ್ರೀ" ಎಂದಳು. "ನಂದ ತಪ್ಪು."

ಸೂಗಪ್ಪ ಗೂಟದಿಂದ ಕೈ ತೆಗೆದ. ತಿರುಗಿ ನೋಡಿದ.

"ಈ ಸಲ ಎಣ್ಣಿ ತೀರಿತ್ತು. ನಾಲ್ಕಕ್ಕ ಹಚ್ಚೋದ್ರಾಗ ಬಟ್ಟಲ ಒಣಗಿತು. ಒಂದಕ್ಕ ಬರೇ ಒಣಾ ಕುಂಕುಮ ಇಟ್ಟೆ. ಅಂಗಡಿಗೆ ಹೋಗಿ ತಂದು ಹಚ್ಚಬೇಕಾಗಿತ್ತು. ಮೈಗಳ್ಳತನ ಮಾಡಿದೆ. ದೇವರಿಗೆ ಒಂದು ಕಡಿಮಿ ಮಾಡಿದ್ರ ಅಂವ ನಾಲ್ಕು ಕಡಿಮಿ ಮಾಡ್ತಾನ."

ಒಣಾ ಕುಂಕುಮ ಇಟ್ಟದ್ದು ಯಾವುದಿರಬಹುದೆಂದು ಸೂಗಪ್ಪನಿಗೆ ಕೂಡಲೇ ಹೊಳೆಯಿತು. ಭುಜದಲ್ಲಿ ಅದರ ಗುದ್ದು ಇನ್ನೂ ನೋಯುತ್ತಿತ್ತು. ನಿನ್ನ ತಪ್ಪಿಲ್ಲ ಎನ್ನಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ಅವಳದೇ ತಪ್ಪು. "ಹಂಗೇನಿಲ್ಲ ಬಿಡು" ಎಂದಷ್ಟೇ ಹೇಳಿ ಹಿತ್ತಲಿಗೆ ಕಾಲು ತೊಳೆಯಲು ಹೋದ. ಒಳಗೆ ಅವಳು ಗೋಡೆಗೆ ಮುಖ ಮಾಡಿ ಗೊಣಗಿದ್ದು ನೀರಿನ ಸದ್ದಿನಲ್ಲೂ ಕೇಳಿಸಿತು.

ಅದಾದ ವಾರಕ್ಕೆ ದೀಪಾವಳಿ ಅಮಾವಾಸ್ಯೆ. ಆ ದಿನ ಬೆಳಿಗ್ಗೆ ದಾವಲ್‌ಸಾಬ್ ಫೋನು ಮಾಡಿ ಸಿಂಧನೂರಿಗೆ ಕರೆದ. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಕೂಡಿಸಿಕೊಂಡು, ಬಳ್ಳಾರಿಯ ಇನ್ನೊಂದು ಏಜೆನ್ಸಿಗೆ ಗಾರ್ಡುಗಳು ಬೇಕಾಗಿದ್ದಾರೆ ಎಂದ. ಇಎಸ್‌ಐ ಇದೆ. ಪಾಡ್ಯ ಕಳೆದ ಮರುದಿನವೇ ಬಂದೂಕಿನ ಪರೀಕ್ಷೆ.

"ಅಲ್ಲೂ ಐದೇನು?"

"ಐದು. ಚಾಚಾನವು ಅದಾವಲ್ಲ, ಜ್ವಾಕಿ ಇಟ್ಕೊಂಡಿಲ್ಲೇನು?"

"ಅದಾವ. ಡಬ್ಬ್ಯಾಗ ಅದಾವ."

"ಮತ್ತ ಸಾವಿನ ಮನಿ ಮುಖ ಯಾಕ ಮಾಡ್ಕೊಂಡೀದಿ? ಏ, ಇವಗೊಂದು ಹೋಳಿಗಿ ಹಾಕಪ್ಪ. ನವಾಬ ಉಪಾಸ ಬಿದ್ದಾನ."

ಬಹಳ ದಿನಗಳ ಮೇಲೆ ಸೂಗಪ್ಪ ನಕ್ಕ. ಹೋಳಿಗೆ ತಿಂದ. ಎರಡು ಹೋಳಿಗೆ ಮಗಳಿಗೂ ಕಟ್ಟಿಸಿಕೊಂಡ. ಮಸ್ಕಿಯಲ್ಲಿ ಬಸ್ಸು ಇಳಿಯುವಾಗ ಸಂಜೆಯ ದೀಪಗಳು ಹತ್ತುತ್ತಿದ್ದವು. ಮನೆಗೆ ಹೋಗಿ ಮೊದಲು ಡಬ್ಬಿ ತೆಗೆದು ಆ ಐದನ್ನು ಒಣಬಟ್ಟೆಯಲ್ಲಿ ಸುತ್ತಿ ಬೇರೆ ಇಡಬೇಕು ಎಂದುಕೊಂಡ. ಅವನ ನಡಿಗೆ ಬೀಸಾಯಿತು.

ಹೊಸ್ತಿಲು ದಾಟಿದರೆ ಎಳ್ಳೆಣ್ಣೆಯ ವಾಸನೆ.

ದೇವರ ಜಗುಲಿಗೆ ಬಂದೂಕು ಆನಿಸಿತ್ತು. ಅದರ ಮುಂದೆ ಹಿತ್ತಾಳೆ ತಟ್ಟೆ, ತಟ್ಟೆಯ ತುಂಬ ಅಕ್ಕಿ. ಅಕ್ಕಿಯಲ್ಲಿ ಎಂಟು ಕಾಡತೂಸು ತಲೆಕೆಳಗಾಗಿ ನಿಂತಿದ್ದವು. ಮೂರು ಕೆಂಪನೆಯವು, ಐದು ಇಮಾಮ್‌ಸಾಬ್‌ನವು. ಎಂಟರ ಹಣೆಯ ಮೇಲೂ ಕುಂಕುಮ, ಈ ಸಲ ದಪ್ಪಗೆ, ತೊಟ್ಟಿಕ್ಕುವ ಹಾಗೆ. ಎಣ್ಣೆ ತಳದ ಮೇಲೆಲ್ಲ ಹರಡಿ, ಟೋಪಿಯ ಸುತ್ತಲಿನ ಸಂದಿಯಲ್ಲಿ ದೀಪದ ಬೆಳಕಿಗೆ ಹೊಳೆಯುತ್ತ ನಿಂತಿತ್ತು.

"ಯಾವಾಗ ಇಟ್ಟಿ ಇವನ್ನ?" ಎಂದು ಕೇಳಿದ.

"ನೀವು ಆ ಕಡೆ ಹೋದ ಕೂಡ್ಲೇ ಇಟ್ಟೆ. ಮುಂಜಾನಿಂದ ಮೂರು ಸಲ ಹಚ್ಚೀನ್ರಿ." ಕಸ್ತೂರೆಮ್ಮ ತಲೆಸ್ನಾನ ಮಾಡಿ ಮಡಿಯುಟ್ಟಿದ್ದಳು, ಯಾವಾಗಲೂ ಕುಗ್ಗಿರುತ್ತಿದ್ದ ಅವಳ ಮುಖದಲ್ಲಿ ಇಂದು ಒಂದು ಹಗುರವಿತ್ತು. "ಅಂಗಡಿಂದ ಹೊಸಾ ಎಣ್ಣಿ ತಂದೆ. ಈ ಸಲ ಕೈ ಹಿಡೀಲಿಲ್ಲ. ಚಾಚಾನವಕ್ಕ ಒಮ್ಮೆಯೂ ಪೂಜಿ ಆಗಿದ್ದಿಲ್ಲ ನೋಡ್ರಿ, ಅವಕ್ಕ ಇನ್ನೊಂದೀಟು ಹೆಚ್ಚ ಹಚ್ಚೀನಿ. ಇನ್ನ ಏನೂ ತಪ್ಪಂಗಿಲ್ಲ."

ಸೂಗಪ್ಪ ಹೋಳಿಗೆಯ ಪೊಟ್ಟಣ ಹಿಡಿದುಕೊಂಡೇ ನಿಂತ. ವಾರದ ಹಿಂದೆ ಆಡದೆ ಉಳಿಸಿಕೊಂಡ ಮಾತು ಈಗ ಆಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ.

ಒಳಗಿನಿಂದ ಶಿವಕುಮಾರಿ ಆರತಿ ತಟ್ಟೆ ಹಿಡಿದು ಬಂದಳು. ಹಬ್ಬದ ಹೊಸ ಲಂಗ, ತೆಳ್ಳನೆಯ ಮುಂಗೈಯಲ್ಲಿ ಸೂಜಿಯ ಹಳೇ ಕಲೆಗಳು. ದೀಪದ ಬೆಳಕು ಮುಖಕ್ಕೆ ಬಿದ್ದು ಮುಖದ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ.

"ಅಪ್ಪಾ, ಹಂಗ್ಯಾಕ ನಿಂತಿ? ಕೈ ಮುಗಿ" ಎಂದಳು.

ಅವನು ಪೊಟ್ಟಣ ಕೆಳಗಿಟ್ಟು ಕೈ ಮುಗಿದ.